ಗಂಧ ಹಚ್ಚಿಸಿಕೊಂಡ ಹಾರ್ಡ್ ಡಿಸ್ಕುಗಳು

ತುರುವೇಕೆರೆಯಿಂದ ನಾನು ಹೊರಟದ್ದು ಹೋಳಿಗೆ ಊಟ ಬಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನನಗಿದ್ದ ಸಿಡುಕಿಗೆ ಅರ್ಧ ಕಾರಣ ಅದೇ. ವಿಜಯದಶಮಿಯ ದಿನ ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ತುಮಕೂರಿನಲ್ಲಿ ಆಯುಧಪೂಜೆ ಮುಗಿಸಿ, ನನ್ನ ಸ್ಕ್ರೂಡ್ರೈವರು, ಕಟರು, ಟೆಸ್ಟರುಗಳ ಚೀಲವನ್ನು ದೇವರ ಮುಂದೆಯೇ ಬಿಟ್ಟು, ಹಿಂದಿನ ಸಂಜೆಯೇ ಬಂದು ಇಳಿದಿದ್ದೆ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದ ಪೂಜೆಯಾಗುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ವರ್ಷದಲ್ಲಿ ನನಗೆ ಸಿಗುವ ಖಾತ್ರಿ ರಜೆ ಅದೊಂದೇ.

ಎಲೆ ಹಾಕುವ ಹೊತ್ತಿಗೆ ಫೋನು ಬಂತು.

"ಮೇಡಂನೋರೇ, ನಾನು ಕಂದಿಕೆರೆ ರಂಗಸ್ವಾಮಿ. ಸರ್ವರ್ ಮಕಾಡೆ ಮಲಗ್ಬುಡ್ತು ಕಣ್ರೀ. ಡಿಸ್ಕೇ ಇಲ್ಲ ಅಂತದೆ."

ರಂಗಸ್ವಾಮಿ ಮೇಷ್ಟ್ರು ಡ್ರಾಯಿಂಗ್ ಪಾಠ ಮಾಡಿ ನಿವೃತ್ತರಾದವರು. ಮನೆ ಪಕ್ಕದ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ಹಳೆಯ ಕಂಬಳಿಗಳನ್ನು ಹೊಡೆದು, ಮೈಕು ತಂದಿಟ್ಟುಕೊಂಡು, ಸುತ್ತಲಿನ ಹಟ್ಟಿಗಳ ಹಾಡುಗಳನ್ನು ರೆಕಾರ್ಡ್ ಮಾಡುತ್ತಾರೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸರ್ವರೊಂದನ್ನು ಹುಡುಕಿ, ನಾಲ್ಕು ಹಾರ್ಡ್ ಡಿಸ್ಕು ಹಾಕಿ ಕಟ್ಟಿಕೊಟ್ಟವಳು ನಾನೇ. ಬರೆದದ್ದನ್ನೆಲ್ಲ ಆ ನಾಲ್ಕೂ ಹಂಚಿಕೊಂಡು ಇಟ್ಟುಕೊಳ್ಳುತ್ತವೆ. ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರ ಪಾಲನ್ನು ಲೆಕ್ಕ ಹಾಕಿ ತೆಗೆಯಬಲ್ಲವು. ಒಟ್ಟಿಗೆ ಎರಡು ಹೋದರೆ ಮಾತ್ರ ಎಲ್ಲವೂ ಹೋದಂತೆ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ ಎಂದು ಆಗಲೇ ಹೇಳಿದ್ದೆ. ನಾಲ್ಕಿರುವಾಗ ಐದನೆಯದು ಯಾಕೆ ಎಂದು ಮೇಷ್ಟ್ರು ನಕ್ಕಿದ್ದರು.

"ಏನ್ ಮಾಡಿದ್ರಿ ಮೇಷ್ಟ್ರೇ?" ಎಂದೆ.

"ಏನೂ ಮಾಡ್ಲಿಲ್ಲ ತಾಯಿ. ನೆನ್ನೆ ಆಯುಧಪೂಜೆ ಅಲ್ವಾ, ಎಲ್ಲಾ ಬಿಚ್ಚಿ, ಚೆನ್ನಾಗಿ ತೊಳ್ದು, ಪೂಜೆ ಮಾಡ್ದೆ. ಮತ್ತೆ ಇದ್ದಂಗೇ ಸಿಕ್ಕಿಸ್ದೆ. ಇವತ್ತು ಆನ್ ಮಾಡಿದ್ರೆ ಹಿಂಗೆ. ಒಂದೊಂದು ಡಿಸ್ಕೂ ಕಿವಿ ಹತ್ರ ಇಟ್ಕಂಡು ಅಲ್ಲಾಡ್ಸಿ ನೋಡ್ದೆ, ಒಳಗೇನೂ ಲೊಟಲೊಟ ಅನ್ನಲ್ಲ."

ಅವರ ಕಡೆ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲಿಟ್ಟು ಒಣಗಿಸುತ್ತಾರೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಅದೇ ಪರೀಕ್ಷೆಯನ್ನು ಹಾರ್ಡ್ ಡಿಸ್ಕಿಗೂ ಮಾಡಿದ್ದಾರೆ ಎಂದು ನನಗೆ ಅರ್ಥವಾಯಿತು. ಆದರೆ ನಗು ಬರಲಿಲ್ಲ. 'ತೊಳ್ದು' ಎಂಬ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ.

"ತೊಳೆದ್ರಾ? ಯಾವುದನ್ನ ತೊಳೆದ್ರಿ?"

"ಚಿಕ್ಕನಾಯಕನಹಳ್ಳಿಯಿಂದ ಒಬ್ರು ಸಂಜೆಗೆ ಬತ್ತೀನಿ ಅಂದವ್ರೆ. ಫಾರ್ಮ್ಯಾಟ್ ಮಾಡುದ್ರೆ ಎಲ್ಲಾ ಸರಿಹೋಯ್ತದೆ ಅಂದ್ರು. ನಿಮ್ಮನ್ನೂ ಒಂದು ಮಾತು ಕೇಳಾನ ಅಂತ..."

ಅಲ್ಲಿಗೆ ಲೈನು ಕಟ್ಟಾಯಿತು. ಮತ್ತೆ ಫೋನು ಮಾಡಿದರೆ ಸಂಪರ್ಕ ವ್ಯಾಪ್ತಿಯ ಹೊರಗೆ. ಫಾರ್ಮ್ಯಾಟ್ ಮಾಡಿದರೆ ಯಂತ್ರ ಸರಿಹೋಗುತ್ತದೆ, ನಿಜ. ಒಳಗಿನ ಹಾಡುಗಳು ಹೋಗಿರುತ್ತವೆ, ಅಷ್ಟೆ.

ಆ ಹಾಡುಗಳಲ್ಲಿ ಕೆಂಚಮ್ಮನದೂ ಒಂದಿತ್ತು. ಕೆಂಚಮ್ಮ ಕಂದಿಕೆರೆಗೆ ಸೇರಿದ ಒಂದು ಹಟ್ಟಿಯ ಹೆಂಗಸು, ಕುರಿ ಸಾಕುವ ಮನೆತನ. ಅವರ ಹಟ್ಟಿಯಲ್ಲಿ ದೀಪಾವಳಿಗೆ ಕುರಿದೊಡ್ಡಿಯ ಮುಂದೆ ಒಂದು ಹಾಡು ಹೇಳಬೇಕು. ಹಿಂದಿನವರು ಕುರಿ ಹೊಡೆದುಕೊಂಡು ನಡೆದ ದಾರಿಯ ಕೆರೆ, ಬಾವಿ, ಗೋಮಾಳಗಳೆಲ್ಲ ಅದರಲ್ಲಿ ಹೆಸರು ಹಿಡಿದು ಬರುತ್ತವೆ. ಪೂರ್ತಿ ಬರುತ್ತಿದ್ದದ್ದು ಅವರೊಬ್ಬರಿಗೇ. ಕಳೆದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಮಾತು ಪಿಸುಮಾತಾಗಿ ಉಳಿದಿದೆ, ಹಾಡಲು ಆಗುವುದಿಲ್ಲ. ಸೊಸೆ ಗೌರಮ್ಮ ಮೇಷ್ಟ್ರ ಕೋಣೆಗೆ ಬಂದು ರೆಕಾರ್ಡಿಂಗ್ ಕೇಳಿ ಕೇಳಿ ಕಲಿಯುತ್ತಿದ್ದಳು. ಅರ್ಧ ಕಲಿತಿದ್ದಾಳೆ ಎಂದು ಮೇಷ್ಟ್ರು ಹಿಂದಿನ ಸಲ ಹೇಳಿದ್ದರು. ಇನ್ನರ್ಧ ಆ ಡಬ್ಬದೊಳಗೇ ಇತ್ತು, ದೀಪಾವಳಿ ಹತ್ತಿರ ಬಂದಿತ್ತು.

ಚಿಕ್ಕಮ್ಮನ ಹತ್ತಿರ ಒಂದು ನೂಲಿನ ಸೀರೆ ಕೇಳಿದೆ. ಉಟ್ಟಿದ್ದ ರೇಷ್ಮೆಯಲ್ಲಿ ಹಾರ್ಡ್ ಡಿಸ್ಕು ಮುಟ್ಟುವುದು ಬೇಡವಾಗಿತ್ತು. ರೇಷ್ಮೆ ಮೈಗೆ ಉಜ್ಜಿ ಹುಟ್ಟುವ ಕರೆಂಟು ನಮಗೆ ಗೊತ್ತೂ ಆಗುವುದಿಲ್ಲ, ಡಿಸ್ಕಿನ ಅಡಿಯ ಹಸಿರು ಬೋರ್ಡನ್ನು ಕೆಡಿಸಲು ಅಷ್ಟೇ ಸಾಕು.

"ಗೃಹಪ್ರವೇಶದ್ ದಿನ ನೂಲಿನ್ ಸೀರೆ ಉಟ್ಕೊಂಡು, ಉಣ್ದೇ ಹೊಂಟ್ಳಲ್ಲಪ್ಪ ಇವ್ಳು!" ಎಂದು ಚಿಕ್ಕಮ್ಮ ನೆಂಟರಿಗೆಲ್ಲ ಕೇಳುವಂತೆ ಹೇಳಿದರು. ಹೇಳುತ್ತಲೇ ಎರಡು ಹೋಳಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ತಿಪಟೂರಿಗೆ ಸರಕಾರಿ ಬಸ್ಸು ಸಿಕ್ಕಿತು. ಮುಂದೆ ಎರಡು ಬಾಳೆಕಂದು, ಕನ್ನಡಿಗೆ ಚೆಂಡುಹೂವಿನ ಹಾರ, ಸ್ಟೇರಿಂಗಿಗೆ ವಿಭೂತಿ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟು ಪಡೆದು ಕಿಟಕಿ ಪಕ್ಕ ಕುಳಿತೆ. ಮಳೆಗಾಲ ಚೆನ್ನಾಗಿ ಆಗಿತ್ತು. ತೋಟಗಳ ನಡುವಿನ ಹೊಲಗಳಲ್ಲಿ ರಾಗಿ ತೆನೆ ಬಿಟ್ಟಿತ್ತು, ಅಲ್ಲಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ. ಅಂದು ಮಾತ್ರ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಹಿತ್ತಲಿನ ತೊಟ್ಟಿಯಲ್ಲಿ ನೆನೆಯುತ್ತಿರುವ ನಾಲ್ಕು ಹಾರ್ಡ್ ಡಿಸ್ಕುಗಳು. ದಾರಿಯುದ್ದಕ್ಕೂ ಫೋನು ಮಾಡಿದೆ, ಒಮ್ಮೆಯೂ ಸಿಗಲಿಲ್ಲ.

ತಿಪಟೂರಿನಲ್ಲಿಳಿದು ಕಂಪ್ಯೂಟರ್ ಅಂಗಡಿ ಹುಡುಕಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ತೆರೆದಿತ್ತು. ತೆರೆದಿತ್ತು ಎಂದರೆ ಬಾಗಿಲು ತೆರೆದಿತ್ತು, ಅಷ್ಟೆ. ಒಳಗೆ ಪೂಜೆ ನಡೆಯುತ್ತಿತ್ತು. ಕೀಬೋರ್ಡು, ಪ್ರಿಂಟರು, ಬಿಲ್ಲಿಂಗ್ ಯಂತ್ರಗಳೆಲ್ಲ ಕುಂಕುಮ ಇಟ್ಟುಕೊಂಡು ಸಾಲಾಗಿ ಕುಳಿತಿದ್ದವು.

"ಅರ್ಜೆಂಟು, ಒಂದು ಹಾರ್ಡ್ ಡಿಸ್ಕು ಬೇಕಿತ್ತು," ಎಂದೆ.

"ಕೂತ್ಕಳಿ ಮೇಡಂ, ಮಂಗಳಾರತಿ ಆಗ್ಲಿ. ಅಲ್ಲೀತಂಕ ಒಂದು ಸ್ಕ್ರೂನೂ ಎತ್ತಂಗಿಲ್ಲ," ಎಂದರು ಮಾಲೀಕರು.

ನನ್ನ ಮನೆಯದೇ ನಿಯಮ, ಎದುರು ಹೇಳುವಂತಿಲ್ಲ. ಕುಳಿತೆ. ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಆವಿ ಏಳುತ್ತಿತ್ತು, ಎದ್ದು ಹೋದರೆ ಸರದಿ ತಪ್ಪೀತೆಂದು ಅಲ್ಲೇ ಕುಳಿತು ಒಂದು ಹೋಳಿಗೆ ತಿಂದೆ. ಮಂಗಳಾರತಿಯಾದ ಮೇಲೆ ಹೊಸ ಡಿಸ್ಕೊಂದು, ಡೇಟಾ ಕೇಬಲ್ಲುಗಳು, ಮೊಬೈಲ್ ರಿಪೇರಿಯವರು ಬೋರ್ಡು ಒರೆಸಲು ಬಳಸುವ ಐಪಿಎ ದ್ರವದ ಸೀಸೆ, ಮೆತ್ತನೆಯ ಬ್ರಷ್ಷು ತೆಗೆದುಕೊಂಡೆ. ಸ್ಕ್ರೂಡ್ರೈವರನ್ನು ಮಾತ್ರ ಮಾಲೀಕರು ಮಾರಲಿಲ್ಲ. ದೇವರ ಮುಂದಿದ್ದ ತಮ್ಮದನ್ನೇ ಎತ್ತಿಕೊಟ್ಟು, "ಪೂಜೆ ಆಗಿರೋದು, ಕೆಲ್ಸ ಕೈಗೂಡ್ತದೆ. ವಾಪಸ್ ಬರೋವಾಗ ಕೊಡಿ," ಎಂದರು. ನನಗೆ ಆಗ ಯಾರಾದರೂ ಹಾಗೆ ಹೇಳುವುದು ಬೇಕಾಗಿತ್ತು.

ಶೆಟ್ಟಿಕೆರೆ ಮೇಲೆ ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಬ್ಬ ಹೆಂಗಸು ಕಾಯಿ ಚೀಲವನ್ನು ಕಾಲಡಿಗೆ ಸರಿಸಿ ನನಗೆ ಅರ್ಧ ಸೀಟು ಬಿಟ್ಟುಕೊಟ್ಟರು. ನಾನು ಹೊಸ ಡಿಸ್ಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದದ್ದು ಅವರ ಕಣ್ಣಿಗೆ ಬಿತ್ತು.

"ಏನವ್ವ ಅದರಾಗೆ? ಒಡವೆಯಾ?"

"ಇಲ್ಲಮ್ಮ, ಏನೂ ಇಲ್ಲ. ಖಾಲಿ ಇದೆ."

"ಖಾಲಿ ಡಬ್ಬನ ಹಸುಗೂಸಿನಂಗೆ ಹಿಡ್ಕಂಡಿದೀಯಲ್ಲೇ!"

ಅಕ್ಕಪಕ್ಕದವರೆಲ್ಲ ನಕ್ಕರು, ನಾನೂ ನಕ್ಕೆ. ಶೆಟ್ಟಿಕೆರೆಯಲ್ಲಿ ಅರ್ಧ ಬಸ್ಸು ಇಳಿದುಹೋಯಿತು. ಆಮೇಲೆ ಎರಡೂ ಬದಿ ತೆಂಗಿನ ತೋಟಗಳು, ಬಸ್ಸಿನೊಳಗೆ ಒಂದು ನೆರಳು, ಒಂದು ಬಿಸಿಲು.

ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಎಳನೀರು ಕುಡಿದು ಕಂದಿಕೆರೆಯ ಖಾಸಗಿ ಬಸ್ಸು ಹತ್ತಿದೆ. ಇದರಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕು, ಅದಕ್ಕೆ ತಕ್ಕಂತೆ ಹಾಡೂ ಜೋರಾಗಿರುತ್ತದೆ. ಕೈ ಅಡ್ಡ ಹಾಕಿದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಮನೆಯೇ ಇಲ್ಲದ ಒಂದು ತಿರುವಿನಲ್ಲಿ ಕಂಡಕ್ಟರು, "ಜಾಲಿಮರದ ಬಾವಿ! ಜಾಲಿಮರದ ಬಾವಿ ಯಾರ್ರೀ?" ಎಂದು ಕೂಗಿದರು. ಯಾರೂ ಇಳಿಯಲಿಲ್ಲ. ಕಲ್ಲುಕಟ್ಟೆಯ ಹಳೆಯ ಬಾವಿ, ಪಕ್ಕದಲ್ಲಿ ಬಗ್ಗಿದ ಒಂದು ಜಾಲಿಮರ, ಅಲ್ಲಿಂದ ಹೊಲದೊಳಗೆ ಹೋಗುವ ಕಾಲುದಾರಿ. ಸುಮ್ಮನೆ ನಿಂತದ್ದಕ್ಕೆ ಮನಸ್ಸಿನಲ್ಲೇ ಕಂಡಕ್ಟರನ್ನು ಬೈದುಕೊಂಡೆ.

ಕಂದಿಕೆರೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಮೇಷ್ಟ್ರು ಗೇಟಿನಲ್ಲೇ ಇದ್ದರು. ನಾನು ಚಪ್ಪಲಿಯನ್ನೂ ಬಿಡದೆ ಕೇಳಿದೆ: "ಬಂದ್ರಾ ಅವರು? ಫಾರ್ಮ್ಯಾಟ್ ಮಾಡೋರು?"

"ಇಲ್ಲ ಬುಡಿ. ಹಬ್ಬದೂಟ ಜಾಸ್ತಿ ಆಯ್ತು, ನಾಳೆ ಬತ್ತೀನಿ ಅಂತ ಹೇಳಿ ಕಳ್ಸವ್ರೆ."

ಆ ಪುಣ್ಯಾತ್ಮರಿಗೆ ಊಟ ಬಡಿಸಿದವರು ಯಾರೇ ಆಗಲಿ, ಅವರ ಮನೆ ತಣ್ಣಗಿರಲಿ ಎಂದುಕೊಂಡೆ. ಮುಂದಿನದನ್ನು ಕೇಳಲು ಸ್ವಲ್ಪ ಧೈರ್ಯ ತಂದುಕೊಳ್ಳಬೇಕಾಯಿತು.

"ತೊಳೆದೆ ಅಂದ್ರಲ್ಲ ಮೇಷ್ಟ್ರೇ. ಡಿಸ್ಕುಗಳನ್ನೂ ನೀರಿಗೆ ಹಾಕಿದ್ರಾ?"

"ಅಯ್ಯೋ ಶಿವನೇ, ಅದನ್ನ ಯಾರು ನೀರಿಗಾಕ್ತಾರೆ ತಾಯಿ? ಹೊರಗಿನ ಡಬ್ಬ ತೊಳ್ದೆ, ಡಿಸ್ಕು ಕೂರೋ ತಟ್ಟೆಗಳ್ನ ತೊಳ್ದೆ. ಸಬೀನ ಹಾಕಿ, ತೆಂಗಿನ ನಾರಲ್ಲಿ ತಿಕ್ಕಿ, ಬಿಸ್ಲಲ್ಲಿ ಒಣಗಾಕಿದ್ದೆ. ಡಿಸ್ಕಿಗೆ ಬರೀ ಗಂಧ ಕುಂಕುಮ."

ಜಗುಲಿಯ ಮೇಲೆ ಕುಳಿತುಬಿಟ್ಟೆ. ತುರುವೇಕೆರೆಯಿಂದ ಹೊತ್ತು ತಂದ ಭಯದಲ್ಲಿ ಅರ್ಧ ಅಲ್ಲೇ ಇಳಿಯಿತು. ನೀರು ಕೇಳಿ ಕುಡಿದೆ. ಮೇಷ್ಟ್ರ ಹೆಂಡತಿ ನೀರಿನ ಜೊತೆ ಒಂದು ಉಂಡೆ ಬೆಲ್ಲ ಕೊಟ್ಟರು.

ಅಟ್ಟದ ಕೆಳಗಿನ ಕೋಣೆಯಲ್ಲಿ ಕೆಂಚಮ್ಮ ಗೋಡೆಗೊರಗಿ ಕುಳಿತಿದ್ದರು, ಪಕ್ಕದಲ್ಲಿ ಗೌರಮ್ಮ. ವಿಷಯ ತಿಳಿದು ಬೆಳಿಗ್ಗೆಯೇ ಬಂದಿದ್ದರಂತೆ. ಕೆಂಚಮ್ಮ ಕೈಸನ್ನೆಯಲ್ಲಿ ನನ್ನನ್ನು ಹತ್ತಿರ ಕರೆದರು. ಅವರ ಮಾತು ಕೇಳಲು ಬಗ್ಗಬೇಕಾಯಿತು.

"ಸಿಕ್ತದಾ ಮಗಳೇ?"

"ನೋಡ್ತೀನಿ ಅವ್ವ," ಎಂದೆ. ಸಿಗುತ್ತದೆ ಎಂದು ಹೇಳುವಷ್ಟು ಗಟ್ಟಿತನ ನನ್ನಲ್ಲಿರಲಿಲ್ಲ.

ಮೊದಲು ಯಂತ್ರ ಇದ್ದಂತೆಯೇ ಆನ್ ಮಾಡಿ ಪರದೆ ಓದಿದೆ. ನಾಲ್ಕು ಡಿಸ್ಕಿನಲ್ಲಿ ಎರಡು ಕಾಣುತ್ತಿಲ್ಲ, ಹಳೆಯ ಜೋಡಣೆಯನ್ನು ಅಳಿಸಲೇ ಎಂದು ಕೇಳುತ್ತಿತ್ತು.

"ಇದಕ್ಕೆ ಏನಾದ್ರೂ ಒತ್ತಿದ್ರಾ?"

"ಇಲ್ಲ ಕಣ್ರೀ. ಕೆಂಪಕ್ಷರ ನೋಡಿ ಭಯ ಆಯ್ತು, ಕರೆಂಟೇ ಆಫ್ ಮಾಡ್ಬುಟ್ಟೆ."

ಭಯ ಒಳ್ಳೆಯದೆಂದು ನನಗೆ ಆಗ ಅನಿಸಿದಷ್ಟು ಎಂದೂ ಅನಿಸಿರಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಿರಲಿಲ್ಲವಾದ್ದರಿಂದ ಡಿಸ್ಕುಗಳ ಮೇಲೆ ಹೊಸದಾಗಿ ಏನೂ ಬರೆದಿರಲಿಲ್ಲ.

ಕರೆಂಟು ತೆಗೆದು, ವೈರು ಬಿಡಿಸಿ, ಯಂತ್ರದ ಬರಿಯ ಲೋಹವನ್ನು ಅಂಗೈಯಲ್ಲಿ ಮುಟ್ಟಿ, ಡಿಸ್ಕುಗಳನ್ನು ಒಂದೊಂದಾಗಿ ಹೊರತೆಗೆದೆ. ಪ್ರತಿಯೊಂದರ ಬೆನ್ನ ಮೇಲೂ ಮೂರು ಗೆರೆ ವಿಭೂತಿ, ನಡುವೆ ಗಂಧ, ಗಂಧದ ಮೇಲೆ ಕುಂಕುಮ. ಒಂದಕ್ಕೆ ಇನ್ನೂ ಸೇವಂತಿಗೆಯ ಎಸಳು ಅಂಟಿಕೊಂಡಿತ್ತು. ಯಾವುದು ಯಾವ ಮನೆಯಿಂದ ಬಂತೆಂದು ಗುರುತಿಗೆ ಮೇಷ್ಟ್ರಿಂದ ಕುಂಕುಮ ತರಿಸಿ ಒಂದು ಚುಕ್ಕೆ, ಎರಡು ಚುಕ್ಕೆ ಎಂದು ನಾಲ್ಕರವರೆಗೆ ನಾನೂ ಇಟ್ಟೆ.

"ನಾನು ಹಿಂದು ಮುಂದಾಗಿ ಸಿಕ್ಕಿಸಿರಬೇಕು, ಅದಕ್ಕೇ ಹಿಂಗಾಗಿರೋದು ಅಲ್ವಾ?" ಎಂದರು ಮೇಷ್ಟ್ರು. ಬೆಳಿಗ್ಗೆಯಿಂದ ಅವರನ್ನು ತಿನ್ನುತ್ತಿದ್ದದ್ದು ಇದೇ.

"ಇಲ್ಲ ಮೇಷ್ಟ್ರೇ. ಈ ಯಂತ್ರದಲ್ಲಿ ಒಂದೊಂದು ಡಿಸ್ಕೂ ತಾನು ಎಷ್ಟನೇದು ಅಂತ ತನ್ನೊಳಗೇ ಬರ್ಕೊಂಡಿರುತ್ತೆ. ಎಲ್ಲಿ ಕೂರಿಸಿದ್ರೂ ಹೊಂದ್ಕೊಳ್ಳುತ್ತೆ."

ಹಾಗಾದರೆ ಕಾರಣ ಬೇರೆ ಇರಬೇಕು. ಮೊಬೈಲಿನ ಟಾರ್ಚು ಹಿಡಿದು ಕಾಣೆಯಾದ ಡಿಸ್ಕೊಂದರ ಹಿಂಭಾಗ ನೋಡಿದೆ. ಕೇಬಲ್ಲು ಸಿಕ್ಕಿಸುವಲ್ಲಿ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳಿರುತ್ತವೆ. ಅವುಗಳ ಮೇಲೆ ಗಂಧ ಇಳಿದು ಒಣಗಿ ಹಕ್ಕಳೆಗಟ್ಟಿತ್ತು. ಮೇಷ್ಟ್ರು ಭಕ್ತಿಯಲ್ಲಿ ಕೈ ಬಿಗಿ ಹಿಡಿದಿರಲಿಲ್ಲ. ಐಪಿಎ ಹಚ್ಚಿ, ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆದೆ. ಕೋಣೆಯೆಲ್ಲ ಶ್ರೀಗಂಧದ ವಾಸನೆ ಹರಡಿತು. ಇನ್ನೊಂದು ಡಿಸ್ಕು ಶುದ್ಧವಾಗಿತ್ತು, ಆದರೂ ಕೇಬಲ್ಲು ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಕೇಬಲ್ಲಿನ ಬಾಯೊಳಗೆ ಟಾರ್ಚು ಬಿಟ್ಟು ನೋಡಿದರೆ ಒಂದೆಳೆ ತೆಂಗಿನ ನಾರು ಅಡ್ಡ ಮಲಗಿತ್ತು. ತಟ್ಟೆ ತಿಕ್ಕಿದ ನಾರು ಅಂಟಿಕೊಂಡು ಬಂದು ಅಲ್ಲಿ ಸೇರಿತ್ತು.

ಅದನ್ನು ತೆಗೆದು ಅಂಗೈ ಮೇಲಿಟ್ಟು ಮೇಷ್ಟ್ರಿಗೆ ತೋರಿಸಿದೆ.

"ಇಷ್ಟಕ್ಕಾ?" ಎಂದರು ಅವರು. ಮುಖ ಸಪ್ಪಗಾಗಿತ್ತು. "ಊರೆಲ್ಲಾ ನಾರೇ ತುಂಬ್ಯದೆ. ಇಲ್ಲೂ ಬಂದು ಸೇರ್ಕಂತಲ್ಲ."

ಆ ಕೇಬಲ್ಲನ್ನು ಬದಿಗಿಟ್ಟು ಹೊಸದು ಹಾಕಿದೆ. ನಾಲ್ಕನ್ನೂ ಅವವುಗಳ ಮನೆಯಲ್ಲಿ ಕೂರಿಸಿ, ಡೇಟಾ ಕೇಬಲ್ಲು, ಪವರ್ ಕೇಬಲ್ಲು ಎರಡೂ ಟಕ್ಕೆಂದು ಸದ್ದಾಗುವ ತನಕ ಒತ್ತಿದೆ. ಸ್ವಿಚ್ಚು ಹಾಕುವ ಮುಂಚೆ ಗೌರಮ್ಮ ಅತ್ತೆಯ ಕೈ ಹಿಡಿದುಕೊಂಡದ್ದು ಕಂಡಿತು.

ಫ್ಯಾನು ತಿರುಗಿತು. ಡಿಸ್ಕುಗಳು ಒಂದಾದ ಮೇಲೊಂದು ಗುಯ್ಯೆಂದವು. ಪರದೆಯ ಮೇಲೆ ನಾಲ್ಕು ಹೆಸರು ಬಂದವು. ಹಳೆಯ ಜೋಡಣೆ ಸಿಕ್ಕಿದೆ, ಒಪ್ಪಿಕೊಳ್ಳಲೇ ಅಥವಾ ಅಳಿಸಲೇ ಎಂದು ಕೇಳಿತು. ಒಪ್ಪಿಕೋ ಎನ್ನುವುದನ್ನು ಆರಿಸಿ, ಸರಿಯಾಗಿ ಅದನ್ನೇ ಆರಿಸಿದ್ದೇನೆಯೇ ಎಂದು ಮತ್ತೆ ಓದಿ, ಒತ್ತಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಸಿರು ಅಕ್ಷರದಲ್ಲಿ ಎಲ್ಲ ಸರಿಯಿದೆ ಎಂದು ಬಂತು. ನನಗೆ ಕಣ್ಣೀರೇ ಬಂತು, ಸುಳ್ಳು ಯಾಕೆ ಹೇಳಲಿ. ಮೇಷ್ಟ್ರು ಪರದೆಗೇ ಕೈ ಮುಗಿದರು.

ಫೋಲ್ಡರು ತೆರೆದು ಕೆಂಚಮ್ಮನ ಹಾಡು ಹಾಕಿದೆ. ಗಟ್ಟಿಯಾದ, ಒರಟಾದ, ಹೊಲದಾಚೆಗೂ ಕೇಳುವ ಧ್ವನಿ ಕೋಣೆ ತುಂಬಿತು. ಕೆರೆಯಾದ ಮೇಲೆ ಬಾವಿ, ಬಾವಿಯಾದ ಮೇಲೆ ಗೋಮಾಳ, ಕುರಿಗಳು ಮುಂದೆ ಮುಂದೆ ನಡೆದವು. ಗೌರಮ್ಮ ಕಣ್ಣೊರೆಸಿಕೊಳ್ಳುತ್ತ ತುಟಿಯಲ್ಲೇ ಜೊತೆಗೂಡಿದಳು. ಕೆಂಚಮ್ಮ ಅಳಲಿಲ್ಲ. ತಲೆ ಬಗ್ಗಿಸಿ, ಬೇರೆ ಯಾರದೋ ಹಾಡನ್ನು ಪರೀಕ್ಷೆ ಮಾಡುವವರಂತೆ ಕೇಳುತ್ತಿದ್ದರು. ಸುಮಾರು ಹೊತ್ತಾದ ಮೇಲೆ ತಟ್ಟನೆ ಕೈಯೆತ್ತಿದರು.

"ನಿಲ್ಸು, ನಿಲ್ಸು."

ನಿಲ್ಲಿಸಿದೆ. ಎಲ್ಲಿ ಕೆಟ್ಟಿದೆಯೋ ಎಂದು ಪರದೆಯ ಕಡೆ ನೋಡಿದೆ.

"ತಪ್ಪು ಹಾಡಿವ್ನಿ," ಎಂದರು ಪಿಸುಮಾತಿನಲ್ಲಿ. "ಒಂದು ಬಾವೀನೇ ಬುಟ್ಬುಟ್ಟಿವ್ನಿ. ಜಾಲಿಮರದ ಬಾವಿ."

"ನಮ್ಮ ಬಾವಿನಾ?" ಎಂದಳು ಗೌರಮ್ಮ.

"ಊಂ ಕಣೇ. ದಿನಾ ಬಸ್ಸಿಳಿಯೋ ಜಾಗಾನೇ ಮರ್ತು ಹಾಡಿವ್ನಲ್ಲ! ಅಲ್ಲಿ ನೀರು ಕುಡ್ಸದೆ ಕುರಿ ಮುಂದಕ್ಕೆ ಹೆಂಗ್ ಹೋದವು?"

ಮೇಷ್ಟ್ರು ನಾನೂ ಇಷ್ಟು ದಿನ ಕೇಳಿದ್ದೆ, ಗೊತ್ತಾಗಲಿಲ್ಲ ಎಂದು ಪೇಚಾಡಿಕೊಂಡರು. ಆಪರೇಷನ್ನಿನ ನಂತರ ಕೆಂಚಮ್ಮ ಆ ರೆಕಾರ್ಡಿಂಗನ್ನು ಒಮ್ಮೆಯೂ ಕೇಳಿರಲಿಲ್ಲವಂತೆ. ತನ್ನದೇ ಹಳೆಯ ಧ್ವನಿ ಕೇಳುವುದು ಬೇಡ ಎಂದು ಸೊಸೆಯನ್ನು ಮಾತ್ರ ಕಳಿಸುತ್ತಿದ್ದರು. ಅಂದು ಹಾಡೇ ಹೋಗಿಬಿಟ್ಟಿತು ಎಂದುಕೊಂಡು ಬಂದದ್ದರಿಂದ ಕೇಳಿದರು. ಗೌರಮ್ಮನ ಕಿವಿಗೆ ಬಾಯಿಟ್ಟು, ಬಿಟ್ಟುಹೋದ ಸಾಲನ್ನು ಇಲ್ಲದ ಧ್ವನಿಯಲ್ಲಿ, ತೊಡೆ ತಟ್ಟಿ ತಾಳ ತೋರಿಸುತ್ತ ಹೇಳಿಕೊಟ್ಟರು.

ನಾನು ಉಳಿದ ಕೆಲಸಕ್ಕೆ ಕೈ ಹಾಕಿದೆ. ತಂದಿದ್ದ ಹೊಸ ಡಿಸ್ಕನ್ನು ಆ ನಾಲ್ಕರ ಗುಂಪಿಗೆ ಸೇರಿಸದೆ, ಮದರ್‌ಬೋರ್ಡಿನ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದೆ. ನಾಳೆ ಯಾವ ಕಂಪ್ಯೂಟರಿಗೆ ಹಾಕಿದರೂ ಒಂಟಿಯಾಗಿ ಓದಿಸಿಕೊಳ್ಳುವಂತಿರಬೇಕು. ಹಾಡುಗಳೆಲ್ಲ ನಕಲಾಗುವಷ್ಟರಲ್ಲಿ ಮೇಷ್ಟ್ರ ಮನೆಯಲ್ಲಿ ಬಿಸಿ ಮುದ್ದೆ, ಬಸ್ಸಾರು ಬಡಿಸಿದರು. ಚೀಲದಲ್ಲಿದ್ದ ಇನ್ನೊಂದು ಹೋಳಿಗೆಯನ್ನು ಗೌರಮ್ಮನೂ ನಾನೂ ಹಂಚಿಕೊಂಡೆವು. ಅಂಥ ಹಸಿವು ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

"ಇದು ಈ ಮನೇಲಿ ಇರಬಾರದು ಮೇಷ್ಟ್ರೇ," ಎಂದೆ, ನಕಲಾದ ಡಿಸ್ಕನ್ನು ಕಳಚಿ ಪೆಟ್ಟಿಗೆಗೆ ಹಾಕುತ್ತ. "ಕೆಂಚಮ್ಮೋರ ಮನೇಲಿರಲಿ. ಮುಂದಿನ ವರ್ಷ ಪೂಜೆ ಮಾಡೋ ಹಾಗಿದ್ರೆ ಡಬ್ಬದ ಹೊರಗಡೆ ಒಂದು ಬೊಟ್ಟಿಡಿ, ಸಾಕು."

"ಬಿಚ್ಚಂಗೇ ಇಲ್ಲ ಬುಡಿ. ಮುಚ್ಚಳದ ಮೇಲೇ ಆರತಿ," ಎಂದು ಮೇಷ್ಟ್ರು ಕಿವಿ ಹಿಡಿದುಕೊಂಡರು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಅದಕ್ಕೂ ಮುಂಚಿನದೇ ಸಿಕ್ಕಿತು. ಅತ್ತೆ ಸೊಸೆಯೂ ನನ್ನ ಜೊತೆಯೇ ಹತ್ತಿದರು. ಕೆಂಚಮ್ಮ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಹಗಲಿನಲ್ಲಿ ಖಾಲಿ ಡಬ್ಬ ಹಿಡಿದು ಕುಳಿತಿದ್ದ ನನ್ನನ್ನು ನೋಡಿ ನಕ್ಕವರು ಈಗ ಇರಬೇಕಿತ್ತು ಎನಿಸಿತು. ಚೀಲದಲ್ಲಿ ತಿಪಟೂರಿನವರ ಸ್ಕ್ರೂಡ್ರೈವರಿದೆ, ನಾಳೆ ಅದನ್ನು ತಲುಪಿಸಬೇಕು ಎಂದು ನೆನಪು ಮಾಡಿಕೊಂಡೆ. ಬೇರೆ ಯಾವ ಚಿಂತೆಯೂ ಇರಲಿಲ್ಲ. ಕಿಟಕಿಯ ಗಾಳಿ ತಣ್ಣಗಿತ್ತು.

"ಜಾಲಿಮರದ ಬಾವಿ! ಯಾರ್ರೀ ಬಾವಿ?"

"ನಾವು ಕಣಪ್ಪ," ಎಂದಳು ಗೌರಮ್ಮ. ಕೆಂಚಮ್ಮ ಇಳಿಯುವ ಮುಂಚೆ ನನ್ನ ತಲೆ ಸವರಿದರು. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಇಬ್ಬರೂ ದಶಮಿಯ ಬೆಳದಿಂಗಳಲ್ಲಿ ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದರು. ಗೌರಮ್ಮ ಬಾವಿಯ ಕಡೆ ಮುಖ ಮಾಡಿ, ಸಂಕೋಚವಿಲ್ಲದೆ ಗಂಟಲೆತ್ತಿ, ಆ ಹೊಸ ಸಾಲನ್ನು ಹಾಡುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಪದ ಕೇಳಲಿಲ್ಲ, ಧ್ವನಿ ಕೇಳಿತು. ಕೆಂಚಮ್ಮ ಕಂಬಳಿಯಿಂದ ಒಂದು ಕೈ ಬಿಡಿಸಿಕೊಂಡು ಅವಳನ್ನು ತಡೆದರು. ಏನೋ ತಿದ್ದಿರಬೇಕು. ಗೌರಮ್ಮ ಅದೇ ಸಾಲನ್ನು ಮೊದಲಿನಿಂದ ಮತ್ತೆ ಎತ್ತಿಕೊಂಡಳು.